ಮಳಖೇಡದ ವೇದಿಕೆ, ಚಿಂಚೋಳಿಯ ಲೆಕ್ಕ

2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಬಂದರು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಬಂಜಾರ ತಾಂಡಾಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಸಮಾರಂಭ ಅದು. ವಿಧಾನಸಭೆ ಚುನಾವಣೆಗೆ ನಾಲ್ಕು ತಿಂಗಳೂ ಉಳಿದಿರಲಿಲ್ಲ. ಕಾಗಿಣಾ ದಂಡೆಯ ಈ ರಾಷ್ಟ್ರಕೂಟರ ರಾಜಧಾನಿ ಅಷ್ಟು ದೊಡ್ಡ ದರಬಾರು ಕಂಡು ಎಷ್ಟು ಶತಮಾನವಾಗಿತ್ತೋ!

ಪ್ರಚಾರವೆಂದು ನೋಡಿದರೆ ನೂರಕ್ಕೆ ನೂರು ಕೊಡಬಹುದು. ಕೆಲಸವೂ ಸುಳ್ಳಲ್ಲ. ತಲೆಮಾರುಗಟ್ಟಲೆ ಬಾಳಿದ ಗುಡಿಸಲಿಗೆ ಕಾಗದವೇ ಇಲ್ಲದ ತಾಂಡಾದವರಿಗೆ ಆ ಹಾಳೆ ಎಂಥದೆಂದು ಬ್ಯಾಂಕಿನ ಸಾಲಕ್ಕೆ ಅಲೆದವರನ್ನು ಕೇಳಬೇಕು. ತಾಂಡಾಗಳನ್ನು ಕಂದಾಯ ಗ್ರಾಮವಾಗಿಸುವ ಕಾನೂನಿನ ದಾರಿ ತೆರೆದದ್ದು ತಮ್ಮ ಕಾಲದಲ್ಲಿ, ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾಗಿದ್ದಾಗ, ಎಂಬ ಕಾಂಗ್ರೆಸ್ಸಿನ ಮಾತಿನಲ್ಲೂ ಹುರುಳಿತ್ತು. ಅಂತೂ ಒಂದೇ ಹಾಳೆಗೆ ಇಬ್ಬರು ವಾರಸುದಾರರು.

ನನ್ನ ತಕರಾರು ಆ ಹಾಳೆಯ ಹಿಂದಿನ ಲೆಕ್ಕದ ಮೇಲೆ. 2019ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯಿಂದ ನಿಂತ ಚಿಂಚೋಳಿಯ ಬಂಜಾರ ನಾಯಕ ಉಮೇಶ ಜಾಧವ ಮಲ್ಲಿಕಾರ್ಜುನ ಖರ್ಗೆಯವರನ್ನು 95 ಸಾವಿರ ಮತಗಳಿಂದ ಸೋಲಿಸಿದ್ದರು. ಖರ್ಗೆಯವರು ಅದುವರೆಗೆ ಸೋಲನ್ನೇ ಕಂಡಿರಲಿಲ್ಲ. ಅಂದಿನಿಂದ ಬಿಜೆಪಿ ತಾಂಡಾಗಳನ್ನು ಇಡಿಗಂಟಾಗಿ ನೋಡತೊಡಗಿತು. ಚಿತ್ತಾಪುರದಲ್ಲಿ ಪ್ರಿಯಾಂಕ್ ಖರ್ಗೆ ಎದುರು ಮಣಿಕಂಠ ರಾಠೋಡರನ್ನು ನಿಲ್ಲಿಸಿದ್ದೂ ಅದೇ ಎಣಿಕೆಯಿಂದ. 2018ರಲ್ಲಿ 4,393ಕ್ಕೆ ಇಳಿದಿದ್ದ ಪ್ರಿಯಾಂಕ್ ಅವರ ಅಂತರ 2023ರಲ್ಲಿ 13 ಸಾವಿರ ದಾಟಿತು. ವೇದಿಕೆ ಎದ್ದಿದ್ದ ಸೇಡಂನಲ್ಲೇ ಹಾಲಿ ಶಾಸಕ ರಾಜಕುಮಾರ ಪಾಟೀಲ ತೇಲ್ಕೂರ 43 ಸಾವಿರಕ್ಕೂ ಹೆಚ್ಚು ಮತಗಳಿಂದ ಶರಣಪ್ರಕಾಶ ಪಾಟೀಲರಿಗೆ ಸೋತರು.

ಚಿಂಚೋಳಿಯ ಕಥೆ ಇನ್ನೂ ಸ್ವಾರಸ್ಯ. ಇಬ್ಬರೂ ಬಂಜಾರರೇ: ಬಿಜೆಪಿಯಿಂದ ಉಮೇಶರ ಮಗ ಅವಿನಾಶ ಜಾಧವ, ಕಾಂಗ್ರೆಸ್ಸಿನಿಂದ ಸುಭಾಷ ರಾಠೋಡ. ಎರಡೂ ಕಡೆ ತಮ್ಮವರೇ ಇದ್ದಾಗ ತಾಂಡಾದವರು ಕುಲ ನೋಡಿ ಮತ ಹಾಕುತ್ತಾರೆ ಎನ್ನುವ ಮಾತಿಗೆ ಅರ್ಥವೇನು? ಅವಿನಾಶ ಗೆದ್ದರು, 858 ಮತಗಳಿಂದ. ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋದವರಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬುದೇ ತೀರ್ಪು ಬದಲಿಸಬಲ್ಲಷ್ಟು ಸಣ್ಣ ಅಂತರ.

ವಾಡಿ, ಶಹಾಬಾದ್‌ಗಳ ವಿಷಯದಲ್ಲಿ ವೇದಿಕೆಗಳು ಇನ್ನೂ ಮೌನ. ಒಂದು ಸಿಮೆಂಟಿನ ಊರು, ಜಂಕ್ಷನ್. ಇನ್ನೊಂದು ಫರಸಿ ಕಲ್ಲಿನ ಊರು. ನೆಲದಡಿಯ ಸುಣ್ಣಕಲ್ಲು ಎರಡಕ್ಕೂ ಒಂದೇ, ಮತಪೆಟ್ಟಿಗೆ ಮಾತ್ರ ಬೇರೆ. ವಾಡಿಯವರು ಚಿತ್ತಾಪುರಕ್ಕೆ ಹಾಕಿದರೆ ಶಹಾಬಾದಿನವರು ಗುಲ್ಬರ್ಗಾ ಗ್ರಾಮೀಣಕ್ಕೆ. 2008ರ ಪುನರ್ವಿಂಗಡಣೆಯಲ್ಲಿ ಶಹಾಬಾದ್ ಕ್ಷೇತ್ರವೇ ಅಳಿದು, ಕಾರ್ಖಾನೆಯ ಊರು ‘ಗ್ರಾಮೀಣ’ವಾಯಿತು. 2023ರಲ್ಲಿ ಅಲ್ಲಿ ಬಿಜೆಪಿಯ ಬಸವರಾಜ ಮತ್ತಿಮೂಡ ಮತ್ತೆ ಗೆದ್ದರು. ಇಷ್ಟು ಹತ್ತಿರದ ಎರಡು ಊರು ಎರಡು ಪಕ್ಷದ ಶಾಸಕರ ಪಾಲಾದವು. ಕಲ್ಲುಗಣಿ ಕಾರ್ಮಿಕರು ದೂರು ಹೇಳಲು ಎರಡು ಬಾಗಿಲು ಬಡಿಯಬೇಕು.

ಆ ವರ್ಷ ತೊಗರಿಗೆ ನೆಟೆರೋಗ ಬಿದ್ದು ಹೊಲಗಳು ನಿಂತಲ್ಲೇ ಒಣಗಿದ್ದವು. ಮಳಖೇಡದ ಪೆಂಡಾಲಿನ ಸುತ್ತಲೂ ಇದ್ದದ್ದು ಅದೇ ತೊಗರಿಯ ಸೀಮೆ. ಆದರೂ ನಮ್ಮ ವರದಿಗಳು ಖರ್ಗೆ ಮನೆತನದ ಪ್ರತಿಷ್ಠೆಯನ್ನೇ ಹಿಡಿದು ಕುಳಿತವು.

ಮುಂದಿನ ಚುನಾವಣೆ 2028ರಲ್ಲಿ. ಬರೆಯಹೊರಡುವ ಪತ್ರಕರ್ತರಲ್ಲಿ ಒಂದು ವಿನಂತಿ: ತಾಂಡಾದವರು ಇಂಥವರ ಕಡೆ ಎಂದು ಬರೆಯುವ ಮುನ್ನ ಚುನಾವಣಾ ಆಯೋಗದ ಮತಗಟ್ಟೆವಾರು ಪಟ್ಟಿಯಲ್ಲಿ ಚಿಂಚೋಳಿಯ ಹಾಳೆಗಳನ್ನು ಒಮ್ಮೆ ತಿರುವಿ ನೋಡಿ.