ಮುಚ್ಚಳಿಕೆ

ಪತ್ರಿಕೆಯಲ್ಲಿ 'ಬಾಲ್ಯವಿವಾಹಕ್ಕೆ ತಡೆ' ಎಂಬ ಸುದ್ದಿ ಬಂದಾಗ ನಾನು ಮೊದಲು ಓದುವುದು ಕೊನೆಯ ಸಾಲನ್ನು. ಅಲ್ಲಿ 'ಪಾಲಕರಿಂದ ಮುಚ್ಚಳಿಕೆ ಬರೆಸಿಕೊಂಡು ಎಚ್ಚರಿಕೆ ನೀಡಲಾಯಿತು' ಎಂದಿದ್ದರೆ ತಡೆ ಇನ್ನೂ ಆಗಿಲ್ಲವೆಂದೇ ನನ್ನ ಲೆಕ್ಕ.

ಮುಚಲಕಾ ಎಂಬ ಹಿಂದೂಸ್ತಾನಿ ಶಬ್ದ ನಮ್ಮ ಬಾಯಲ್ಲಿ ಮುಚ್ಚಳಿಕೆಯಾಗಿದೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದು, ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿಕೊಡುವ ಕಾಗದ. ಹೊಲದ ಬದುವಿಗೆ ಬಡಿದಾಡಿದವರಿಂದ ಠಾಣೆಯಲ್ಲಿ ಬರೆಸಿಕೊಳ್ಳುತ್ತಿದ್ದುದು ಇದನ್ನೇ. ಬದುವಿನ ಜಗಳಕ್ಕೆ ಅದು ಸಾಲುತ್ತಿದ್ದಿರಬಹುದು. ಎಂಟನೇ ತರಗತಿಯ ಹುಡುಗಿಯ ಬದುಕಿಗೆ ಅದು ಸಾಲುತ್ತದೆಂದು ಯಾರು ತೀರ್ಮಾನಿಸಿದರೋ!

ನಮ್ಮ ಗುರುಗುಂಟಾದಲ್ಲಿ ಅಮರೇಶ್ವರನ ಜಾತ್ರೆ ಮುಗಿಯಿತೆಂದರೆ ಮದುವೆಯ ಹಂಗಾಮು. ಈ ದಿನಗಳಲ್ಲಿ ಹಾಜರಿ ಪುಸ್ತಕ ನೋಡಿದರೆ ಸಾಕು, ಯಾರ ಮನೆಯಲ್ಲಿ ಏನು ನಡೆದಿದೆಯೆಂದು ಶಿಕ್ಷಕಿಗೆ ಗೊತ್ತಾಗುತ್ತದೆ. ಹುಡುಗಿ ಮೂರು ದಿನ ಬರುವುದಿಲ್ಲ. ಕೇಳಿದರೆ ಅಜ್ಜಿಗೆ ಆರಾಮಿಲ್ಲ ಎನ್ನುತ್ತಾರೆ. ಗೆಳತಿಯರು ಮಾತ್ರ ಸೋದರಮಾವನ ಹೆಸರು ಹೇಳಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. 1098ಕ್ಕೆ ಫೋನು ಮಾಡುವುದು ಕಷ್ಟವೇನಲ್ಲ. 1996ರಲ್ಲಿ ಮುಂಬಯಿಯಲ್ಲಿ ಶುರುವಾದ ಈ ಸಹಾಯವಾಣಿಯನ್ನು 2023ರಲ್ಲಿ ಸರ್ಕಾರವೇ ವಹಿಸಿಕೊಂಡು 112ರ ಜೊತೆ ಸೇರಿಸಿದೆ. ಫೋನು ಎತ್ತುತ್ತಾರೆ, ಜೀಪೂ ಬರುತ್ತದೆ. ನನ್ನ ತಕರಾರು ಜೀಪು ಬಂದ ಮೇಲಿನದು.

ಇಂಥ ಭೇಟಿಯೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಂದವರು ಕಟ್ಟೆಯ ಮೇಲೆ ಕುಳಿತರು, ಚಹಾ ಬಂತು. ಹುಡುಗಿಯ ಅಪ್ಪ ಕೈಮುಗಿದು ನಿಂತ. ಬಿಳಿ ಹಾಳೆಯಲ್ಲಿ ಏಳೆಂಟು ಸಾಲು ಬರೆದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಹಾಳೆಯ ಜೊತೆ ಒಂದು ಫೋಟೋ ತೆಗೆದರು. ಹುಡುಗಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಅವಳನ್ನು ಯಾರೂ ಕರೆಯಲಿಲ್ಲ. ಎರಡು ವಾರದ ನಂತರ ಇಡೀ ಕುಟುಂಬ ಬೇರೆ ತಾಲ್ಲೂಕಿನ ಒಂದು ಗುಡಿಗೆ ಹರಕೆ ತೀರಿಸಲು ಹೋಯಿತು. ತಿರುಗಿ ಬಂದಾಗ ಅವಳ ಕೊರಳಲ್ಲಿ ತಾಳಿ ಇತ್ತು. ಕಚೇರಿಯ ಲೆಕ್ಕದಲ್ಲಿ ಆ ಮದುವೆ ಇಂದಿಗೂ 'ತಡೆಯಲಾದ' ಮದುವೆಯೇ.

ಕಾನೂನು ಬಡವಾಗಿದ್ದರೆ ಅಧಿಕಾರಿಗಳನ್ನು ಕ್ಷಮಿಸಬಹುದಿತ್ತು. ಆದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪುಟಗಳಲ್ಲಿ ಮುಚ್ಚಳಿಕೆ ಎಂಬುದೇ ಇಲ್ಲ. ಅಲ್ಲಿರುವುದು 13ನೇ ಕಲಮು. ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ಮದುವೆಗೆ ತಡೆಯಾಜ್ಞೆ ತರಬಹುದು. ಅದನ್ನು ಮೀರಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ. 2015ರ ಬಾಲನ್ಯಾಯ ಕಾಯ್ದೆಯು ಮದುವೆಯ ಅಪಾಯದಲ್ಲಿರುವ ಹುಡುಗಿಯನ್ನು ಪೋಷಣೆ ಮತ್ತು ರಕ್ಷಣೆ ಬೇಕಾದ ಮಗುವೆಂದೇ ಕರೆಯುತ್ತದೆ. ಅಂದರೆ ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬಹುದು. ನಮ್ಮ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ಇದೇ ವಿಷಯದ ಮೇಲೆ ವರದಿ ಕೊಟ್ಟಿತು. ಮುಂದೆ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಸಾರಿತು. ಇಷ್ಟೆಲ್ಲ ಕೈಯಲ್ಲಿದ್ದೂ ಬಿಳಿ ಹಾಳೆ ಏಕೆ? ಕೋರ್ಟಿಗೆ ಓಡಾಡಬೇಕು, ವಯಸ್ಸಿನ ದಾಖಲೆ ಕೂಡಿಸಬೇಕು, ಸಮಿತಿಗೆ ಒಯ್ಯಬೇಕೆಂದರೆ ರಾಯಚೂರಿಗೆ ಹೋಗಿಬರುವುದೇ ಒಂದು ದಿನದ ಕೆಲಸ. ಹಾಳೆಯಾದರೆ ಚಹಾ ಆರುವುದರೊಳಗೆ ಮುಗಿಯುತ್ತದೆ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಈ ಕೆಲಸಕ್ಕೆ ನೇಮಿಸಿದ ಅಧಿಕಾರಿಗಳ ತಲೆಯ ಮೇಲೆ ಬೇರೆ ಜವಾಬ್ದಾರಿ ಹೇರಬಾರದು ಎಂದು ಹೇಳಿತು. ನಮ್ಮ ಕಡೆ ಒಬ್ಬನೇ ಮನುಷ್ಯ ಅಂಗನವಾಡಿಯ ಅಕ್ಕಿಯಿಂದ ಚುನಾವಣೆಯವರೆಗೆ ಎಲ್ಲವನ್ನೂ ಹೊತ್ತುಕೊಂಡಿರುವುದನ್ನು ಕಂಡ ನನಗೆ ಅದು ಸರಿಯಾದ ಮಾತೆನಿಸಿತು.

ತಮಾಷೆಯೆಂದರೆ, ಆಡಳಿತ ನಿಜವಾಗಿ ಎಚ್ಚರಗೊಳ್ಳುವುದು ಹುಡುಗಿ ಬಸುರಿಯಾಗಿ ದವಾಖಾನೆಯ ಮೆಟ್ಟಿಲು ಹತ್ತಿದಾಗ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಗಂಡನೆಂಬ ರಕ್ಷಣೆಯನ್ನೂ 2017ರಲ್ಲಿ ಸುಪ್ರೀಂ ಕೋರ್ಟು ಹದಿನೆಂಟು ತುಂಬದ ಹೆಂಡತಿಯ ಮಟ್ಟಿಗೆ ತೆಗೆದುಹಾಕಿತು. ಆದ್ದರಿಂದ ಡಾಕ್ಟರು ಬರೆದು ಕಳಿಸುತ್ತಾರೆ, ಕೇಸಾಗುತ್ತದೆ. ತಡೆಯಬಹುದಾಗಿದ್ದಾಗ ಬಿಳಿ ಹಾಳೆ, ತಡೆಯಲಾಗದ ಮೇಲೆ ಕೈಕೋಳ. ಇದನ್ನು ನೋಡಿದ ಮಂದಿ ಕಲಿಯುವ ಪಾಠ ಎಂಥದು? ಬಸುರಿ ಹುಡುಗಿಯನ್ನು ದವಾಖಾನೆಗೆ ಒಯ್ಯಬಾರದು ಎಂಬುದು.

ದೂರು ಹೊತ್ತು ಬಂದ ಮಗುವನ್ನು ಏನು ಮಾಡಬೇಕೆಂದು ತಿಳಿಯದಿರುವುದು ನಮ್ಮ ಹಳ್ಳಿಯ ಕಟ್ಟೆಗೆ ಮಾತ್ರ ಸೀಮಿತವಲ್ಲ. 2022ರಲ್ಲಿ ಚಿತ್ರದುರ್ಗದ ಮುರುಘಾ ಮಠದ ಹಾಸ್ಟೆಲಿನಿಂದ ಹೊರಟ ಇಬ್ಬರು ಹುಡುಗಿಯರು ಮೊದಲು ತಲುಪಿದ್ದು ಬೆಂಗಳೂರಿನ ಒಂದು ಪೊಲೀಸ್ ಠಾಣೆಗೆ ಎಂದು ಪತ್ರಿಕೆಗಳು ಬರೆದವು. ಅಲ್ಲಿ ಪ್ರಕರಣ ದಾಖಲಾಗಲಿಲ್ಲ. ಕೊನೆಗೆ ಅವರು ಮೈಸೂರಿನ ಒಡನಾಡಿ ಸಂಸ್ಥೆಯ ಮೂಲಕ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು, ಆಗಸ್ಟ್ 26ರಂದು ಮೈಸೂರಿನ ನಜರಬಾದ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಮಠಾಧೀಶರ ಬಂಧನವಾದದ್ದು ಸೆಪ್ಟೆಂಬರ್ 1ರ ರಾತ್ರಿ. 2025ರ ನವೆಂಬರಿನಲ್ಲಿ ಚಿತ್ರದುರ್ಗದ ನ್ಯಾಯಾಲಯ ಅವರನ್ನು ಆ ಪ್ರಕರಣದಲ್ಲಿ ಖುಲಾಸೆ ಮಾಡಿತು. ತಪ್ಪು ಒಪ್ಪು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ಅದರಲ್ಲಿ ನನ್ನ ಮಾತಿಲ್ಲ. ನನ್ನ ಪ್ರಶ್ನೆ ಆ ದಾರಿಯದು. ಮಗುವಿನ ಮಾತನ್ನು ಅವಳ ಮನೆಯಲ್ಲೋ ಅವಳಿಗೆ ಒಪ್ಪುವ ಜಾಗದಲ್ಲೋ, ಸಮವಸ್ತ್ರವಿಲ್ಲದ ಅಧಿಕಾರಿ, ಸಾಧ್ಯವಾದಷ್ಟು ಮಟ್ಟಿಗೆ ಹೆಣ್ಣುಮಗಳೇ, ಬರೆದುಕೊಳ್ಳಬೇಕೆಂದು ಪೋಕ್ಸೊ ಹೇಳುತ್ತದೆ. ಇಪ್ಪತ್ತನಾಲ್ಕು ತಾಸಿನೊಳಗೆ ಸಮಿತಿಗೆ ತಿಳಿಸಬೇಕೆನ್ನುತ್ತದೆ. ಇಷ್ಟು ಕಾಳಜಿಯಿಂದ ಬರೆದ ಕಾನೂನು ಇರುವ ರಾಜ್ಯದಲ್ಲಿ ಮಾತು ದಾಖಲಾಗಲು ಮಕ್ಕಳು ಊರಿಂದೂರಿಗೆ ಹೋಗಬೇಕಾಯಿತಲ್ಲ.

ಪಾಲಕರನ್ನೆಲ್ಲ ರಾಕ್ಷಸರೆಂದು ನಾನು ಹೇಳುವುದಿಲ್ಲ. ಸುಗ್ಗಿ ಮುಗಿದು ಬೆಂಗಳೂರಿಗೆ ದುಡಿಯಲು ಹೋಗುವ ತಾಯಿಗೆ ವಯಸ್ಸಿಗೆ ಬಂದ ಮಗಳನ್ನು ಯಾರ ಬಳಿ ಬಿಡುವುದೆಂಬ ಚಿಂತೆ. ಅವಳಿಗೆ ಬೇಕಾದದ್ದು ಬೆದರಿಕೆಯಲ್ಲ, ಹಾಸ್ಟೆಲಿನಲ್ಲಿ ಒಂದು ಹಾಸಿಗೆ. ಹೆಬ್ಬೆಟ್ಟು ಒತ್ತಿಸಿಕೊಂಡ ಯಾರೂ ಅವಳಿಗೆ ಹಾಸ್ಟೆಲಿನ ಅರ್ಜಿ ತಂದುಕೊಟ್ಟದ್ದನ್ನು ನಾನು ಕಂಡಿಲ್ಲ. ತಿಂಗಳ ನಂತರ ಮತ್ತೆ ಬಂದು, ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆಯೇ ಎಂದು ವಿಚಾರಿಸಿದ್ದನ್ನೂ ಕಂಡಿಲ್ಲ.

"ಅಕ್ಕೋರೆ, ಬರೆಸಿಕೊಂಡಿವಲ್ಲ, ಇನ್ನೇನು ಬೇಕ್ರಿ ನಿಮಗ?" ಎಂದು ಒಬ್ಬರು ಕೇಳಿದರು. ಅದರ ಒಂದು ಪ್ರತಿ ಶಾಲೆಗೆ ಬೇಕು ಎಂದೆ. ಹಾಗೆಲ್ಲ ಕೊಡಲು ಬರುವುದಿಲ್ಲ, ಅದು ಗೌಪ್ಯ ದಾಖಲೆ ಎಂದರು. ಫೋನು ಮಾಡಿದವರು ಯಾರೆಂಬುದು ಮಾತ್ರ ಆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.