ಐರನ್ ಮೇಡನ್‌ನ ಒಲ್ಲದ ಆಲ್ಬಮ್‌ಗಳು: ಕೇಳುವವರಿಗೊಂದು ಕೈಪಿಡಿ

ಐರನ್ ಮೇಡನ್ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಎಂಬತ್ತರ ದಶಕದ ಮಾತು ಬೇಗ ಮುಗಿದುಹೋಗುತ್ತದೆ. ‘ದಿ ನಂಬರ್ ಆಫ್ ದಿ ಬೀಸ್ಟ್’, ‘ಪವರ್‌ಸ್ಲೇವ್’, ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ ದೊಡ್ಡ ಆಲ್ಬಮ್‌ಗಳು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ತೊಂಬತ್ತರ ದಶಕಕ್ಕೆ ಬಂದ ಕೂಡಲೇ ದನಿ ಏರುತ್ತದೆ. 1990ರ ‘ನೋ ಪ್ರೇಯರ್ ಫಾರ್ ದಿ ಡೈಯಿಂಗ್’, 1992ರ ‘ಫಿಯರ್ ಆಫ್ ದಿ ಡಾರ್ಕ್’, 1995ರ ‘ದಿ ಎಕ್ಸ್ ಫ್ಯಾಕ್ಟರ್’, 1998ರ ‘ವರ್ಚುವಲ್ ಇಲೆವೆನ್’. ಈ ನಾಲ್ಕರ ಬಗ್ಗೆ ಮೂವತ್ತು ವರ್ಷಗಳಿಂದ ನಡೆಯುತ್ತಿರುವ ವಾದ ಇನ್ನೂ ಮುಗಿದಿಲ್ಲ.

ಹೊಸಬರಿಗೆ ಹಳಬರು ಸಾಮಾನ್ಯವಾಗಿ ಕೊಡುವ ಸಲಹೆ ಒಂದೇ: ಆ ನಾಲ್ಕನ್ನು ದಾಟಿಕೊಂಡು ನೇರ 2000ದ ‘ಬ್ರೇವ್ ನ್ಯೂ ವರ್ಲ್ಡ್’ಗೆ ಹೋಗಿ. ಆ ಸಲಹೆಯನ್ನು ಕೇಳಬೇಡಿ ಎಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ‘ಪವರ್‌ಸ್ಲೇವ್’ನಂಥ ಆಲ್ಬಮ್‌ನಲ್ಲಿ ಹಾಡಿನ ಕಟ್ಟಡ, ಹಾಡುವವನ ಕಂಠ, ಧ್ವನಿಮುದ್ರಣ ಮೂರೂ ಎಷ್ಟು ಬೆರೆತಿವೆಯೆಂದರೆ ಯಾವುದು ಏನು ಮಾಡುತ್ತಿದೆ ಎಂದು ಬಿಡಿಸಿ ಕೇಳುವುದೇ ಕಷ್ಟ. ಎಡವಿದ ಆಲ್ಬಮ್‌ಗಳಲ್ಲಿ ಮೂರೂ ಬೇರೆಬೇರೆಯಾಗಿ ಕಿವಿಗೆ ಸಿಗುತ್ತವೆ. ಈ ಬ್ಯಾಂಡ್ ಹಾಡು ಕಟ್ಟುವ ರೀತಿ ಗೊತ್ತಾಗಬೇಕಾದರೆ ಇಲ್ಲಿಗೇ ಬರಬೇಕು.

ಕಥೆ ಚಿಕ್ಕದಾಗಿ ಇಷ್ಟು. ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್ 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಟ್ಟಿದ ಬ್ಯಾಂಡ್ ಇದು. ಇವತ್ತಿಗೂ ಯಜಮಾನ ಆತನೇ. 1990ರಲ್ಲಿ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಹೊರನಡೆದ, ಆ ಜಾಗಕ್ಕೆ ಯಾನಿಕ್ ಗರ್ಸ್ ಬಂದ. 1993ರಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ಕೂಡ ಬಿಟ್ಟ. ವುಲ್ಫ್ಸ್‌ಬೇನ್ ಎಂಬ ಬ್ಯಾಂಡಿನಲ್ಲಿ ಹಾಡುತ್ತಿದ್ದ ಬ್ಲೇಜ್ ಬೇಯ್ಲಿ ಆ ಜಾಗದಲ್ಲಿ ನಿಂತು ಎರಡು ಆಲ್ಬಮ್ ಹಾಡಿದ. 1999ರಲ್ಲಿ ಬ್ರೂಸ್, ಏಡ್ರಿಯನ್ ಇಬ್ಬರೂ ಮರಳಿದರು.

ಬ್ಲೇಜ್‌ನ ಕಾಲದ ಜಗಳವೆಲ್ಲ ಕಡೆಗೆ ಬಂದು ನಿಲ್ಲುವುದು ಶ್ರುತಿಯ ಹತ್ತಿರ. ಬ್ರೂಸ್‌ನದು ತಾರಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವ ಕಂಠ. ಬ್ಲೇಜ್‌ನದು ಮಂದ್ರದ ಕಂಠ, ಎದೆಯಿಂದ ಬರುವ ದಪ್ಪ ದನಿ. ನಮ್ಮ ಕಛೇರಿಗಳಲ್ಲಿ ಗಾಯಕ ತನ್ನ ಕಂಠಕ್ಕೆ ಒಗ್ಗುವ ಶ್ರುತಿ ಇಟ್ಟುಕೊಳ್ಳುತ್ತಾನೆ, ಪಕ್ಕವಾದ್ಯಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಮೇಡನ್‌ನಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಗಿಟಾರುಗಳ ಶ್ರುತಿ ಇದ್ದಲ್ಲೇ ಇತ್ತು. ಬ್ರೂಸ್‌ಗೆಂದು ಕಟ್ಟಿದ ಹಳೆಯ ಹಾಡುಗಳನ್ನು ರಾತ್ರಿ ರಾತ್ರಿಯೂ ಬ್ಲೇಜ್ ಅದೇ ಎತ್ತರದಲ್ಲಿ ಹಾಡಬೇಕಾಯಿತು. ಕಂಠ ಕೈಕೊಟ್ಟು ಕೆಲವು ಕಾರ್ಯಕ್ರಮಗಳು ರದ್ದಾದವು. ‘ಆತನಿಗೆ ಹಾಡೋಕೆ ಬರೋದಿಲ್ಲ’ ಎಂಬ ಮಾತು ಹುಟ್ಟಿಕೊಂಡದ್ದು ಆ ವೇದಿಕೆಗಳಿಂದ. ಸ್ಟುಡಿಯೋದಲ್ಲಿ ಹಾಡಿದ್ದನ್ನು ಕೇಳಿ ತೀರ್ಮಾನಿಸುವವರಿಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಲಾರದು.

‘ದಿ ಎಕ್ಸ್ ಫ್ಯಾಕ್ಟರ್’ ಎಪ್ಪತ್ತು ನಿಮಿಷ ದಾಟುವ, ಬ್ಯಾಂಡಿನ ಇತಿಹಾಸದಲ್ಲೇ ಅತ್ಯಂತ ಕತ್ತಲೆ ಕವಿದ ಆಲ್ಬಮ್. ಹ್ಯಾರಿಸ್‌ನ ದಾಂಪತ್ಯ ಮುರಿದ ಹೊತ್ತಿನಲ್ಲಿ ಹುಟ್ಟಿದ್ದು. ಯುದ್ಧದಿಂದ ಮರಳಿದವನ ಕೊರಗು, ಹೋದ ನಂಬಿಕೆ, ನಿದ್ದೆ ಬಾರದ ರಾತ್ರಿ, ಇವೇ ಇಲ್ಲಿನ ವಸ್ತು. ಎಂಬತ್ತರ ದಶಕದ ಸಾಹಸಗಾಥೆಗಳನ್ನು ಹುಡುಕಿಕೊಂಡು ಬಂದವರಿಗೆ ನಿರಾಸೆ ಆದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ವಸ್ತುವಿಗೆ ಬ್ಲೇಜ್‌ನ ಕಂಠಕ್ಕಿಂತ ಹೊಂದುವ ಕಂಠ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ‘ಫಾರ್ಚೂನ್ಸ್ ಆಫ್ ವಾರ್’ನ ಆರಂಭದಲ್ಲಿ ಆತ ಹೆಚ್ಚುಕಡಿಮೆ ತನ್ನಷ್ಟಕ್ಕೆ ತಾನೇ ಹೇಳಿಕೊಂಡಂತೆ ಹಾಡುವುದನ್ನು ಕೇಳಿ. ಬ್ರೂಸ್ ಹಾಡಿದ್ದರೆ ಅದು ಘೋಷಣೆಯಾಗಿಬಿಡುತ್ತಿತ್ತು.

ಈ ಆಲ್ಬಮ್‌ನ ನಿಜವಾದ ಸಮಸ್ಯೆ ಧ್ವನಿಮುದ್ರಣ. ‘ಕಿಲ್ಲರ್ಸ್’ನಿಂದ ‘ಫಿಯರ್ ಆಫ್ ದಿ ಡಾರ್ಕ್’ವರೆಗೆ ನಿರ್ಮಾಪಕನಾಗಿದ್ದ ಮಾರ್ಟಿನ್ ಬರ್ಚ್ ಅಷ್ಟರಲ್ಲಿ ನಿವೃತ್ತನಾಗಿದ್ದ. ಎಸೆಕ್ಸ್‌ನ ತನ್ನದೇ ಸ್ಟುಡಿಯೋದಲ್ಲಿ ನೈಜೆಲ್ ಗ್ರೀನ್ ಜೊತೆ ಹ್ಯಾರಿಸ್ ತಾನೇ ಆ ಕೆಲಸಕ್ಕೆ ಕೂತ. ಫಲ ಕಿವಿಗೇ ತಿಳಿಯುತ್ತದೆ: ಗಿಟಾರುಗಳು ಬಡಕಲು, ಡ್ರಮ್ಮಿನ ಪೆಟ್ಟು ಒಣಕಲು, ಕಂಠದ ಸುತ್ತ ಗಾಳಿಯೇ ಇಲ್ಲ, ಬೇಸ್ ಮಾತ್ರ ಮುಂದೆ ಬಂದು ನಿಂತಿದೆ. ಈ ದೂರು ನ್ಯಾಯವಾದದ್ದು. ದೂರನ್ನು ಹಾಡಿನ ಮೇಲೆ ಹೊರಿಸುವುದು ಮಾತ್ರ ನ್ಯಾಯವಲ್ಲ.

ಇದನ್ನು ಕಿವಿಯಿಂದಲೇ ಪರೀಕ್ಷಿಸಲು ದಾರಿಯಿದೆ. ಬ್ರೂಸ್ ಮರಳಿದ ಮೇಲೆ, 2001ರ ಜನವರಿಯಲ್ಲಿ ರಿಯೋ ಡಿ ಜನೈರೋದ ಭಾರಿ ಜನಸ್ತೋಮದ ಮುಂದೆ ಮುದ್ರಿಸಿದ ‘ರಾಕ್ ಇನ್ ರಿಯೋ’ದಲ್ಲಿ ಬ್ಲೇಜ್ ಕಾಲದ ಎರಡು ಹಾಡುಗಳಿವೆ: ‘ಸೈನ್ ಆಫ್ ದಿ ಕ್ರಾಸ್’ ಮತ್ತು ‘ದಿ ಕ್ಲ್ಯಾನ್ಸ್‌ಮನ್’. ಒಂದೇ ಹಾಡು, ಎರಡು ಕಂಠ, ಎರಡು ಮುದ್ರಣ. ಇಂಥ ಅನುಕೂಲ ಕೇಳುಗರಿಗೆ ಸಿಗುವುದು ಅಪರೂಪ.

ಹನ್ನೊಂದು ನಿಮಿಷ ದಾಟುವ ‘ಸೈನ್ ಆಫ್ ದಿ ಕ್ರಾಸ್’ನಿಂದ ಶುರುಮಾಡಿ, ಮೊದಲು ಸ್ಟುಡಿಯೋ ಆವೃತ್ತಿ. ಕ್ರೈಸ್ತ ಮಠದ ಸನ್ಯಾಸಿಗಳು ಪಠಿಸುವಂಥ ತಗ್ಗುದನಿಯ ಮಂತ್ರಘೋಷ; ಅದರ ಹಿಂದೆ ನಿಧಾನವಾಗಿ ಬೇಸ್; ಬ್ಲೇಜ್ ಬರುವುದು ಪಿಸುಮಾತಿನಲ್ಲಿ. ಉಂಬರ್ಟೋ ಇಕೋ ಬರೆದ ‘ದಿ ನೇಮ್ ಆಫ್ ದಿ ರೋಸ್’ ಕಾದಂಬರಿಯ ನೆರಳು ಹಾಡಿನ ಮೇಲಿದೆ. ಓದಿದವರಿಗೆ ಮಠದ ಮೊಗಸಾಲೆಗಳು ಕಣ್ಣಿಗೆ ಕಟ್ಟುತ್ತವೆ. ಪಲ್ಲವಿ ಮುಗಿದ ಮೇಲೆ ಹಾಡು ಪೂರ್ತಿ ತಣಿಯುತ್ತದೆ. ಮುಂದಿನ ಕೆಲವು ನಿಮಿಷ ಗಾಯಕನಿಲ್ಲ. ಒಂದು ಸಣ್ಣ ಸ್ವರಗುಚ್ಛವನ್ನು ಹಿಡಿದು ವಾದ್ಯಗಳು ಪದರದ ಮೇಲೆ ಪದರ ಕಟ್ಟುತ್ತಾ, ವೇಗ ಏರಿಸುತ್ತಾ ಹೋಗುತ್ತವೆ. ಗಮನ ಇಡಬೇಕಾದದ್ದು ಇಲ್ಲಿ, ಹ್ಯಾರಿಸ್‌ನ ಬೆರಳುಗಳ ಮೇಲೆ. ಈಗ ರಿಯೋ ಆವೃತ್ತಿ ಹಾಕಿ. ಅದೇ ಸ್ವರಗಳು ಮೂರು ಗಿಟಾರುಗಳ ಬಲದಿಂದ ಉಕ್ಕಿಬರುತ್ತವೆ, ಪಲ್ಲವಿಯಲ್ಲಿ ಬ್ರೂಸ್ ಆಕಾಶಕ್ಕೇ ಏರುತ್ತಾನೆ. ಹಾಡು ಮೊದಲಿನಿಂದಲೂ ಇಷ್ಟು ದೊಡ್ಡದಾಗಿಯೇ ಇತ್ತು ಎಂಬುದು ಆಗ ಖಚಿತವಾಗುತ್ತದೆ. ಆದರೂ ಆರಂಭದ ಪಿಸುಮಾತಿಗೆ, ಆ ಒಳಗಿನ ಭಯಕ್ಕೆ, ನಾನು ಬ್ಲೇಜ್‌ನ ಬಳಿಗೇ ಹೋಗುತ್ತೇನೆ. ಹೊಸಬರು ತಮ್ಮ ಪಕ್ಷವನ್ನು ತಾವೇ ಆರಿಸಿಕೊಳ್ಳಲಿ, ಎರಡನ್ನೂ ಕೇಳಿದ ಮೇಲೆ.

‘ವರ್ಚುವಲ್ ಇಲೆವೆನ್’ನ ಪರ ನಾನು ಇಷ್ಟು ಗಟ್ಟಿಯಾಗಿ ವಾದಿಸಲಾರೆ. ಬ್ಯಾಂಡಿನ ಹನ್ನೊಂದನೆಯ ಆಲ್ಬಮ್, ಹನ್ನೊಂದು ಜನರ ಫುಟ್‌ಬಾಲ್ ತಂಡ, ಅದೇ ವರ್ಷದ ವಿಶ್ವಕಪ್, ಎಲ್ಲ ಸೇರಿಸಿದ ಹೆಸರು ಅದು. ‘ದಿ ಏಂಜಲ್ ಆ್ಯಂಡ್ ದಿ ಗ್ಯಾಂಬ್ಲರ್’ ಹಾಡು ಹತ್ತು ನಿಮಿಷದ ಹತ್ತಿರ ಹೋಗುತ್ತದೆ. ಒಂದೇ ಪ್ರಶ್ನೆಯ ಸಾಲು ಎಣಿಕೆ ತಪ್ಪುವಷ್ಟು ಸಲ ಬರುತ್ತದೆ, ಪ್ರತಿ ಸಲವೂ ಇದ್ದಂತೆಯೇ. ಪುನರಾವರ್ತನೆ ತಪ್ಪೇನಲ್ಲ, ‘ದಿ ಕ್ಲ್ಯಾನ್ಸ್‌ಮನ್’ನಲ್ಲೂ ಒಂದೇ ಕೂಗು ಮತ್ತೆ ಮತ್ತೆ ಬರುತ್ತದೆ. ಆದರೆ ಅಲ್ಲಿ ಪ್ರತಿ ಕೂಗಿನ ಹಿಂದೆ ಹಾಡು ಒಂದು ಮೆಟ್ಟಿಲು ಏರಿರುತ್ತದೆ. ಈ ಎರಡನ್ನು ಒಂದರ ಹಿಂದೆ ಒಂದು ಕೇಳಿದರೆ ಮೇಡನ್‌ನ ಉದ್ದದ ಹಾಡುಗಳು ಯಾವಾಗ ಗೆಲ್ಲುತ್ತವೆ, ಯಾವಾಗ ಸೋಲುತ್ತವೆ ಎಂಬುದು ತಿಳಿಯುತ್ತದೆ. ಆಲ್ಬಮ್‌ನ ಕೊನೆಯ ಹಾಡು ‘ಕೊಮೊ ಎಸ್ತಾಯಿಸ್ ಅಮಿಗೋಸ್’ 1982ರ ಫಾಕ್ಲೆಂಡ್ಸ್ ಯುದ್ಧದಲ್ಲಿ ಸತ್ತವರನ್ನು ನೆನೆಯುತ್ತದೆ, ಎರಡೂ ಕಡೆಯವರನ್ನು. ಬ್ಲೇಜ್ ಮತ್ತು ಗರ್ಸ್ ಬರೆದದ್ದು. ಬ್ಲೇಜ್‌ಗೆ ಹಾಡಲು ಬರುವುದಿಲ್ಲ ಎನ್ನುವವರ ಮುಂದೆ ಇಡಬೇಕಾದ ಹಾಡು ಇದೇ.

ಅಪ್ರಿಯತೆ ಶಾಶ್ವತವೇನಲ್ಲ ಎಂಬುದಕ್ಕೆ ಇತ್ತೀಚಿನ ಸಾಕ್ಷಿಯೂ ಇದೆ. 2006ರಲ್ಲಿ ‘ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್’ ಬಂದಾಗ ಬ್ಯಾಂಡ್ ಅದನ್ನು ವೇದಿಕೆಯ ಮೇಲೆ ಇಡಿಯಾಗಿ ನುಡಿಸಿತು. ಹಳೆಯ ಹಾಡುಗಳಿಗಾಗಿ ಬಂದವರು ಗೊಣಗಿದರು. ಅದೇ ಪ್ರವಾಸದ ಮುಂದುವರಿಕೆಯಲ್ಲಿ, 2007ರ ಮಾರ್ಚ್ 17ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಭಾರತದ ಕೇಳುಗರು ಮೇಡನ್ ಅನ್ನು ಮೊದಲ ಬಾರಿಗೆ ಎದುರಲ್ಲೇ ಕಂಡರು. ಈಗ ಆ ಆಲ್ಬಮ್ ಅನ್ನು ಬ್ಯಾಂಡಿನ ಅತ್ಯುತ್ತಮಗಳ ಸಾಲಿಗೆ ಸೇರಿಸುವವರು ಬಹಳ ಮಂದಿ. 2018ರ ಪ್ರವಾಸದಲ್ಲಿ ಬ್ಲೇಜ್ ಕಾಲದ ಆ ಎರಡು ದೊಡ್ಡ ಹಾಡುಗಳೂ ವೇದಿಕೆಗೆ ಮರಳಿದವು.

‘ಫಿಯರ್ ಆಫ್ ದಿ ಡಾರ್ಕ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶೀರ್ಷಿಕೆಯ ಹಾಡನ್ನು ಜಗತ್ತೇ ಹಾಡುತ್ತದೆ, ಉಳಿದವುಗಳಲ್ಲಿ ‘ಅಫ್ರೇಡ್ ಟು ಶೂಟ್ ಸ್ಟ್ರೇಂಜರ್ಸ್’ ತಪ್ಪಿಸಬೇಡಿ.

‘ನೋ ಪ್ರೇಯರ್’ ಅನ್ನು ಕೊನೆಗೆ ಇಟ್ಟುಕೊಳ್ಳಿ. ಹ್ಯಾರಿಸ್‌ನ ಜಮೀನಿನ ಕಣಜದಲ್ಲಿ, ರೋಲಿಂಗ್ ಸ್ಟೋನ್ಸ್‌ನ ಸಂಚಾರಿ ಸ್ಟುಡಿಯೋ ತರಿಸಿ ಮುದ್ರಿಸಿದ್ದು. ಬ್ರಿಟನ್ನಿನಲ್ಲಿ ಬ್ಯಾಂಡಿಗೆ ಸಿಕ್ಕ ಏಕೈಕ ನಂಬರ್ ಒನ್ ಸಿಂಗಲ್ ಇದರಲ್ಲೇ ಇದೆ: ‘ಬ್ರಿಂಗ್ ಯುವರ್ ಡಾಟರ್ ಟು ದಿ ಸ್ಲಾಟರ್’, ಬ್ರೂಸ್ ಮೊದಲು ಒಂದು ಭೂತದ ಸಿನಿಮಾಕ್ಕೆಂದು ಬರೆದ ಹಾಡು. ಆದರೆ ಬ್ರೂಸ್ ಇಲ್ಲಿ ಗಂಟಲು ಕೆರೆದುಕೊಂಡು ಹಾಡುತ್ತಾನೆ, ಸ್ಮಿತ್ ಇಲ್ಲದ ಗಿಟಾರುಗಳ ಜುಗಲಬಂದಿ ಸೊರಗಿದೆ, ಹಾಡುಗಳು ಬೆಳೆಯುವ ಮೊದಲೇ ಮುಗಿಯುತ್ತವೆ. ಕೊನೆಯ ‘ಮದರ್ ರಷ್ಯಾ’ದಲ್ಲಿ ಮಾತ್ರ ಹಳೆಯ ಉಸಿರು ಕೇಳಿಸುತ್ತದೆ. ಒಳ್ಳೆಯ ಗಾಯಕನಿದ್ದೂ ದುರ್ಬಲವಾದ ಆಲ್ಬಮ್ ಇದು. ನಾಲ್ಕರಲ್ಲಿ ಕೊನೆಯ ಸ್ಥಾನ ಇದಕ್ಕೇ ಎಂದು ಯಾರ ಜೊತೆ ಬೇಕಾದರೂ ವಾದಿಸಲು ನಾನು ತಯಾರು.