ಸೀಸೆಯ ಭೂತ ಮತ್ತು ಹೇಳದೆ ಉಳಿದ ಮಾತು

ಅಸತ್ಯ ನುಡಿಯುವುದು ದೋಷವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಸತ್ಯಗಳನ್ನೇ ಆಯ್ದು ಜೋಡಿಸಿ, ಕೇಳುವವರನ್ನು ತಪ್ಪು ನಿರ್ಣಯಕ್ಕೆ ಒಯ್ಯುವುದನ್ನು ಏನೆಂದು ಕರೆಯಬೇಕು? ಪ್ರಭುತ್ವದ ಪ್ರಚಾರವೂ ಜನಪ್ರಿಯ ವಿಜ್ಞಾನವೂ ಒಂದೇ ಚಿತ್ರದಲ್ಲಿ ಬೆರೆತಾಗ ಈ ಪ್ರಶ್ನೆ ಎದುರಾಗುತ್ತದೆ. ಇಂದು ಅಂತರ್ಜಾಲದಲ್ಲಿ ಯಾರೂ ನೋಡಬಹುದಾದ ಎರಡು ಹಳೆಯ ಅಮೆರಿಕನ್ ಚಿತ್ರಗಳು ಇದಕ್ಕೆ ತಕ್ಕ ನಿದರ್ಶನಗಳಾಗಿವೆ.

ಮೊದಲನೆಯದು ‘ಡಕ್ ಅಂಡ್ ಕವರ್’. 1949ರಲ್ಲಿ ಸೋವಿಯತ್ ಒಕ್ಕೂಟವು ಅಣುಬಾಂಬನ್ನು ಪರೀಕ್ಷಿಸಿದ ತರುವಾಯ, ಅಮೆರಿಕ ಸರಕಾರದ ನಾಗರಿಕ ರಕ್ಷಣಾ ಇಲಾಖೆಗಾಗಿ ತಯಾರಾಗಿ 1952ರಲ್ಲಿ ಬಿಡುಗಡೆಯಾದ ಕಿರುಚಿತ್ರವಿದು. ಬರ್ಟ್ ಎಂಬ ಆಮೆ ಚಿಪ್ಪಿನೊಳಗೆ ಅಡಗುವಂತೆ ಮಕ್ಕಳು ಮೇಜಿನಡಿ ಬಾಗಿ ತಲೆ ಮುಚ್ಚಿಕೊಳ್ಳಬೇಕೆಂದು ಅದು ಬೋಧಿಸುತ್ತದೆ. ಸ್ಫೋಟದಿಂದ ಸಾಕಷ್ಟು ದೂರವಿರುವವರನ್ನು ಸಿಡಿಯುವ ಗಾಜಿನಿಂದ ಈ ಕ್ರಮ ಕಾಪಾಡಬಲ್ಲದು. ಅಷ್ಟರಮಟ್ಟಿಗೆ ಬೋಧನೆ ಸರಿ. ಆದರೆ ಬಾಂಬಿನ ಜ್ವಾಲೆಯನ್ನು ಬಿಸಿಲಿನ ಸುಡುವಿಕೆಗೆ ಹೋಲಿಸುವ ಚಿತ್ರವು ವಿಕಿರಣದ ವಿಚಾರದಲ್ಲಿ ಮೌನ ವಹಿಸುತ್ತದೆ.

ಎರಡನೆಯದು ಹೆಚ್ಚು ಸುಂದರವಾದುದು. ಆದುದರಿಂದಲೇ ಹೆಚ್ಚು ವಿಮರ್ಶೆಗೆ ಅರ್ಹವಾದುದು. 1953ರ ಡಿಸೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ‘ಶಾಂತಿಗಾಗಿ ಅಣು’ ಎಂಬ ನೀತಿಯನ್ನು ಸಾರಿದರು. ಆ ನೀತಿಯ ನೆರಳಿನಲ್ಲಿ ವಾಲ್ಟ್ ಡಿಸ್ನಿ ಸಂಸ್ಥೆಯ ‘ಅವರ್ ಫ್ರೆಂಡ್ ದಿ ಆಟಮ್’ 1957ರ ಜನವರಿಯಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ನಿರೂಪಕರು ಜರ್ಮನಿಯಿಂದ ಬಂದ ಭೌತವಿಜ್ಞಾನಿ ಹೈನ್ಸ್ ಹಾಬರ್. ನೂರಾರು ಇಲಿಬೋನುಗಳ ಮೇಲೆ ಪಿಂಗ್‌ಪಾಂಗ್ ಚೆಂಡುಗಳನ್ನಿರಿಸಿ, ಒಂದೇ ಚೆಂಡನ್ನು ಎಸೆದು, ಸರಪಳಿ ಕ್ರಿಯೆಯನ್ನು ಅವರು ತೋರಿಸುವ ಬಗೆ ಇಂದಿಗೂ ಮೆಚ್ಚತಕ್ಕದ್ದು. ವಿಜ್ಞಾನ ಬೋಧಿಸುವವರು ಅದರಿಂದ ಕಲಿಯಬಹುದು.

ಚಿತ್ರದ ಚೌಕಟ್ಟು ಅರೇಬಿಯನ್ ಕಥೆಯೊಂದರದು. ಬಲೆಗೆ ಸಿಕ್ಕ ಸೀಸೆಯಿಂದ ಹೊರಬಂದ ಭೂತ ಬೆಸ್ತನನ್ನೇ ಕೊಲ್ಲಲು ಬರುತ್ತದೆ. ಬೆಸ್ತ ಉಪಾಯದಿಂದ ಅದನ್ನು ಮರಳಿ ಸೀಸೆಗೆ ಸೇರಿಸಿ ಮಣಿಸುತ್ತಾನೆ. ಅಣುವೆಂಬ ಭೂತವೂ ಹಾಗೆಯೇ ಮಣಿದು ಶಕ್ತಿಯನ್ನು, ಅನ್ನಾರೋಗ್ಯಗಳನ್ನು, ಕೊನೆಗೆ ಶಾಂತಿಯನ್ನು ಕರುಣಿಸುವುದೆಂಬುದು ಚಿತ್ರದ ಭರವಸೆ. ಉಪಮಾನ ಮುರಿಯುವುದು ಇಲ್ಲಿಯೇ. ಕಥೆಯ ಭೂತ ಸೀಸೆಗೆ ಮರಳಿತು. ರಿಯಾಕ್ಟರಿನಲ್ಲಿ ಹುಟ್ಟುವ ಪ್ಲುಟೋನಿಯಂ-239 ಅರ್ಧಕ್ಕೆ ಇಳಿಯಲು ಸುಮಾರು 24,000 ವರ್ಷಗಳು ಬೇಕು. ಅದಕ್ಕೆ ಮುಚ್ಚಳವಾಗುವ ಉಪಾಯ ಯಾವ ಬೆಸ್ತನ ಬಳಿಯೂ ಇರಲಿಲ್ಲ.

ಚಿತ್ರ ಪ್ರಸಾರವಾಗುವ ಮೂರು ವರ್ಷ ಮೊದಲು, 1954ರ ಮಾರ್ಚ್ 1ರಂದು, ಬಿಕಿನಿ ಹವಳದ್ವೀಪದಲ್ಲಿ ‘ಬ್ರಾವೊ’ ಪರೀಕ್ಷೆ ನಡೆದಿತ್ತು. ಅದರ ಬಲ 15 ಮೆಗಾಟನ್. ಎಣಿಸಿದ್ದರ ಎರಡೂವರೆ ಪಟ್ಟು. ವಿಕಿರಣ ಬೆರೆತ ಬೂದಿ ರೋಂಗೆಲಾಪ್ ದ್ವೀಪದ ಜನರ ಮೇಲೂ, ಜಪಾನಿನ ಮೀನುದೋಣಿಯೊಂದರ 23 ಮಂದಿಯ ಮೇಲೂ ಸುರಿಯಿತು. ದೋಣಿಯ ಒಬ್ಬರು ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಪರದೆಯ ಮೇಲೆ ಬೆಸ್ತನ ಕಥೆ ನಡೆಯುತ್ತಿದ್ದಾಗ ರೋಂಗೆಲಾಪ್ ಜನರು ಇನ್ನೂ ತಮ್ಮ ನೆಲಕ್ಕೆ ಮರಳಿರಲಿಲ್ಲ. ನಿಜವಾದ ಬೆಸ್ತರಿಗೆ ಆ ಕಥೆಯಲ್ಲಿ ಸ್ಥಳವಿರಲಿಲ್ಲ.

ಹಾಬರ್ ವಿವರಿಸಿದ ವಿಜ್ಞಾನ ಸುಳ್ಳಲ್ಲ ಎಂಬುದೇ ಇಲ್ಲಿ ಗಮನಾರ್ಹ. ಇಲಿಬೋನಿನ ಪ್ರಯೋಗದಿಂದ ಗಳಿಸಿದ ವಿಶ್ವಾಸವನ್ನು ಚಿತ್ರವು ಪ್ರಭುತ್ವದ ಭರವಸೆಗೆ ಸಾಲವಾಗಿ ಕೊಡುತ್ತದೆ. ಪ್ರಯೋಗವನ್ನು ಯಾರೂ ಪರೀಕ್ಷಿಸಬಹುದು. ಭರವಸೆಯನ್ನು ಪರೀಕ್ಷಿಸಲು ಬೇಕಾದ ಸಂಗತಿಗಳನ್ನು ನೋಡುಗನಿಗೆ ಒದಗಿಸಿಲ್ಲ. ಪ್ರೀತಿಯಿಂದ ಮಾತಾಡುವ ಗುರುವನ್ನು ನಂಬುವ ಮಗುವಿನ ಮುಗ್ಧತೆಯನ್ನು ಹೀಗೆ ಬಳಸಿಕೊಳ್ಳುವುದು ಒಂದು ಬಗೆಯ ಹಿಂಸೆಯೇ ಸರಿ.

ಇಂದು ವಿಜ್ಞಾನದ ಹೆಸರಿನ ದೃಶ್ಯಸುರುಳಿಗಳು ಮನೆಮನೆಯ ಮಕ್ಕಳ ಕೈಯಲ್ಲಿವೆ. ಅವನ್ನು ನಿಷೇಧಿಸುವುದು ಪರಿಹಾರವಾಗದು. ಜೊತೆಗೆ ಕುಳಿತು ನೋಡಿದ ಹಿರಿಯರು ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಸಬೇಕು: ಇದಕ್ಕೆ ಹಣ ಕೊಟ್ಟವರು ಯಾರು? ಇದರಲ್ಲಿ ಯಾವುದು ತೋರಿಸಿದ ಸಂಗತಿ, ಯಾವುದು ಕೇವಲ ಭರವಸೆ? ನಷ್ಟ ಹೊರುವವರು ಪರದೆಯ ಮೇಲೆ ಕಾಣಿಸುತ್ತಾರೆಯೆ? ಮೂರನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ, ಚಿತ್ರ ಎಷ್ಟೇ ಮನೋಹರವಾಗಿರಲಿ, ಅದು ಹೇಳಿದ್ದು ಅರ್ಧಸತ್ಯವೆಂದೇ ತಿಳಿಯಬೇಕು.